ಅಗಲವಾಗಿದ್ದ ಕಿಂಡಿ

ಸತ್ತವರು ಕನಸಿಗೆ ಬಂದರೆ ನಮ್ಮ ಮನೆಯಲ್ಲಿ ಯಾರೂ ಬೆಚ್ಚುವುದಿಲ್ಲ. ‘ಏನೋ ತಿನ್ನೋ ಆಸೆಯಾಗಿರಬೇಕು’ ಅಂತ ಅಮ್ಮ ಎಡೆ ಇಡುತ್ತಾಳೆ. ಚಿತ್ರದುರ್ಗದ ಇಂಥ ಮನೆಯಲ್ಲಿ ಬೆಳೆದವನು ನಾನು. ಕನಸು ಬೀಳುತ್ತಿರುವಾಗಲೇ ‘ಇದು ಕನಸು’ ಅಂತ ಗುರುತಿಸುವ ಲೂಸಿಡ್ ಡ್ರೀಮಿಂಗ್ ಕಲಿಯಲು ಹೊರಟಾಗ ಇದೇ ಅಡ್ಡ ಬಂತು.

ಲೂಸಿಡ್ ಡ್ರೀಮಿಂಗ್ ಬರೀ ಕಲ್ಪನೆಯಲ್ಲ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧಕ ಕೀತ್ ಹರ್ನ್ ಇದನ್ನು ದಾಖಲಿಸಿದರು. ಮಲಗಿದ್ದವರು ಮೊದಲೇ ಮಾತಾಡಿಕೊಂಡಂತೆ ಕನಸಿನೊಳಗಿಂದಲೇ ಕಣ್ಣನ್ನು ಎಡಕ್ಕೆ, ಬಲಕ್ಕೆ ಆಡಿಸಿ ಸನ್ನೆ ಮಾಡಿದ್ದರು.

ನಾನು ಓದಿದ್ದ ಸಲಹೆ ಸರಳ: ನಡೆಯಲಾರದ್ದು ಏನಾದರೂ ಕಂಡರೆ ಅದು ಕನಸು. ಉದಾಹರಣೆಗೆ, ತೀರಿಹೋದವರು ಎದುರಿಗೆ ಬಂದರೆ. ಆದರೆ ನಾಲ್ಕು ತಿಂಗಳಲ್ಲಿ ಅಜ್ಜಿ ಆರೇಳು ಸಲ ಬಂದರೂ ನನಗೆ ಅನುಮಾನವೇ ಬರಲಿಲ್ಲ. ಅಜ್ಜಿ ಬರೋದು ನಮಗೆ ಸಹಜ, ಅಲ್ವಾ?

ಹಾಗಾಗಿ ಗುರುತನ್ನೇ ಬದಲಿಸಿದೆ. ದಿನಾ ಬೆಳಗ್ಗೆ ಕೋಟೆಗೆ ವಾಕಿಂಗ್ ಹೋಗುತ್ತೇನೆ. ಓಬವ್ವನ ಕಿಂಡಿಯಲ್ಲಿ ಮೈ ಹಿಡಿಮಾಡಿಕೊಂಡು ತೂರುವಾಗ, ಕಲ್ಲು ಮುಟ್ಟಿ ‘ಇದು ಕನಸಾ, ನಿಜಾನಾ?’ ಅಂತ ಕೇಳಿಕೊಳ್ಳತೊಡಗಿದೆ. ಸುಮ್ನೆ ಬಾಯಿಮಾತಿಗಲ್ಲ, ನಿಂತು, ಯೋಚಿಸಿ. ರಾತ್ರಿ ಐದು ಗಂಟೆ ನಿದ್ದೆಯಾದ ಮೇಲೆ ಅಲಾರಂ ಇಟ್ಟು ಏಳುತ್ತಿದ್ದೆ. ಬಿದ್ದ ಕನಸನ್ನು ಬರೆದು, ‘ಮುಂದಿನ ಕನಸಲ್ಲಿ ಇದು ಕನಸು ಅಂತ ನೆನಪಾಗಬೇಕು’ ಎಂದುಕೊಳ್ಳುತ್ತಾ ಮತ್ತೆ ಮಲಗುತ್ತಿದ್ದೆ. ಈ ಕ್ರಮವನ್ನು ಬೆಳೆಸಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಸ್ಟೀಫನ್ ಲಬರ್ಜ್. ಕನಸು ಜಾಸ್ತಿ ಬೀಳುವ ರೆಮ್ ನಿದ್ದೆ ಸುಮಾರು 90 ನಿಮಿಷಕ್ಕೊಮ್ಮೆ ಬರುತ್ತದೆ, ನಸುಕಿನ ಹೊತ್ತಿಗೆ ಉದ್ದವಾಗುತ್ತದೆ. ನಸುಕಿನ ಕನಸಿಗೆ ನಮ್ಮ ಹಿರಿಯರು ಅಷ್ಟು ಬೆಲೆ ಕೊಡುತ್ತಿದ್ದದ್ದು ನನಗೆ ಆಗ ನೆನಪಾಯಿತು.

ಸುಮಾರು ಆರು ವಾರ ಕಳೆದಿತ್ತು. ಕನಸಲ್ಲಿ ಅಜ್ಜಿಯ ಹಿಂದೆ ಕೋಟೆ ಹತ್ತುತ್ತಿದ್ದೆ. ಕಿಂಡಿ ಬಂತು. ಎತ್ತಿನಗಾಡಿ ಹೋಗುವಷ್ಟು ಅಗಲವಾಗಿತ್ತು! ಕಲ್ಲು ಭುಜಕ್ಕೆ ತಾಗಲೇ ಇಲ್ಲ. ತಟ್ಟನೆ ಗೊತ್ತಾಯಿತು.

ಗೊತ್ತಾದ ಕೂಡಲೇ ಹಾರಿನೋಡಬೇಕು ಅನ್ನುವವರೇ ಜಾಸ್ತಿ. ಟಿಬೆಟಿನ ಬೌದ್ಧರಿಗೆ ಇದು ಧ್ಯಾನದ ದಾರಿ. ನನಗೆ ಎರಡೂ ಹೊಳೆಯಲಿಲ್ಲ. ಅಜ್ಜಿ ಎದುರಿಗಿದ್ದರು, ಬಿಟ್ಟು ಹೋಗುವುದು ಹೇಗೆ? ಕನಸು ಒಡೆಯದಿರಲಿ ಅಂತ ಎರಡೂ ಕೈ ಉಜ್ಜಿಕೊಂಡು ಕೇಳಿದೆ, “ಅಜ್ಜೀ, ಏನ್ ತಿಂತೀರಿ?”

“ಮಂಡಕ್ಕಿ ತಾರಪ್ಪ, ಮೆಣಸಿನಕಾಯಿನೂ ಇರಲಿ.”

ಖುಷಿಗೆ ಎಚ್ಚರವಾಗಿಬಿಟ್ಟಿತು. ಬೆಳಗ್ಗೆ ಅಮ್ಮನಿಗೆ ಎಲ್ಲ ಹೇಳಿದೆ. ಕನಸು ಅಂತ ನನಗೆ ಗೊತ್ತಿದ್ದದ್ದು ಅವಳಿಗೆ ದೊಡ್ಡದೆನಿಸಲಿಲ್ಲ. “ಖಾರದ ಮಂಡಕ್ಕಿನಾ, ಸಪ್ಪೆದಾ? ಸರಿಯಾಗಿ ಕೇಳ್ಬೇಕಿತ್ತು” ಅಂದಳು.