ಚೀಫ್ ಡ್ಯಾನ್ ಜಾರ್ಜ್ ಅವರನ್ನು ಅರಿಯಲು ಎಲ್ಲಿಂದ ಶುರು ಮಾಡಬೇಕು?

ಹವ್ಯಾಸಿ ನಾಟಕ ತಂಡಗಳಲ್ಲಿ ಹೊಸಬರಿಗೆ ಮಾತು ಹೇಳುವುದನ್ನು ಕಲಿಸುವುದು ನನ್ನ ಕೆಲಸ. ವಯಸ್ಸಾದವರ ಪಾತ್ರ ಸಿಕ್ಕಿದವರಿಗೆಲ್ಲ ನಾನು ಒಂದು ಹೆಸರು ಬರೆದುಕೊಡುತ್ತೇನೆ: ಕೆನಡಾದ ನಟ, ಸಂಗೀತಗಾರ, ಕವಿ ಚೀಫ್ ಡ್ಯಾನ್ ಜಾರ್ಜ್. ಬೆನ್ನು ಬಗ್ಗಿಸಿ, ಗಂಟಲು ನಡುಗಿಸಿ ಮುದುಕರಾಗಲು ಹೋಗುವವರು ಇವರನ್ನು ನೋಡಲೇಬೇಕು. ಅರವತ್ತರ ಹೊತ್ತಿಗೆ ಮೊದಲ ಸಲ ಕ್ಯಾಮೆರಾ ಮುಂದೆ ನಿಂತ ಮನುಷ್ಯ ಇವರು. ಎಪ್ಪತ್ತೊಂದನೇ ವಯಸ್ಸಿನಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದರು.

ಹೆಸರು ಹುಡುಕಿದ ಕೂಡಲೇ ಹಾಲಿವುಡ್ ಸಿನಿಮಾಗಳು ಮುಂದೆ ಬಂದು ನಿಲ್ಲುತ್ತವೆ. ಅವನ್ನು ಸ್ವಲ್ಪ ಪಕ್ಕಕ್ಕಿಡಿ. ಅಲ್ಲಿಂದ ಶುರು ಮಾಡಿದರೆ ಒಬ್ಬ ಜಾಣ ಅಜ್ಜ ಮಾತ್ರ ಕಾಣುತ್ತಾರೆ. ಆ ಮಾತಿನ ತಾಳ ಎಲ್ಲಿಂದ ಬಂತು ಅಂತ ಗೊತ್ತಾಗುವುದಿಲ್ಲ. ಅದು ಬಂದದ್ದು ಕ್ಯಾಮೆರಾಗಿಂತ ಮುಂಚಿನ ಅರವತ್ತು ವರ್ಷಗಳಿಂದ. ಹಾಗಾಗಿ ಮೊದಲು ಆ ವರ್ಷಗಳನ್ನು ಓದಿಕೊಳ್ಳಿ.

ಅವರು ಹುಟ್ಟಿದ್ದು 1899ರ ಜುಲೈ 24ರಂದು, ಬ್ರಿಟಿಷ್ ಕೊಲಂಬಿಯಾದ ನಾರ್ತ್ ವ್ಯಾಂಕೂವರ್ ಬಳಿ, ಬರಾರ್ಡ್ ಇನ್ಲೆಟ್ ಎಂಬ ಕಡಲ ಚಾಚಿನ ದಡದಲ್ಲಿ. ಅವರದು ತ್ಸ್ಲೇಲ್-ವಾಟೂತ್ ಜನ, ಆ ಕರಾವಳಿಯ ಮೂಲನಿವಾಸಿಗಳಾದ ಕೋಸ್ಟ್ ಸೇಲಿಷ್ ಸಮುದಾಯಗಳಲ್ಲಿ ಒಂದು. ತಂದೆ ತಾಯಿ ಇಟ್ಟ ಹೆಸರು ಗೆಸ್ವಾನೌತ್ ಸ್ಲಾಹೂಟ್. ಐದನೇ ವಯಸ್ಸಿನಲ್ಲಿ ಮಿಷನರಿಗಳ ವಸತಿ ಶಾಲೆಗೆ ಸೇರಿದಾಗ ಆ ಹೆಸರು ಹೋಯಿತು, ಡ್ಯಾನ್ ಜಾರ್ಜ್ ಎಂಬ ಹೆಸರು ಬಂತು. ಮನೆ ಮಾತನ್ನು ಅಲ್ಲಿ ಆಡುವಂತಿರಲಿಲ್ಲ. ದೊಡ್ಡವರಾದ ಮೇಲೆ ಬಂದರಿನಲ್ಲಿ ಹಡಗುಗಳಿಗೆ ಸರಕು ಹತ್ತಿಸಿ ಇಳಿಸುವ ಕೆಲಸ. 1947ರಲ್ಲಿ ಮರದ ಹೊರೆ ಬಡಿದು ಗಾಯವಾಗುವವರೆಗೆ ಅದನ್ನೇ ಮಾಡಿದರು. ಆಮೇಲೆ ಕಟ್ಟಡ ಕೆಲಸ, ಶಾಲಾ ಬಸ್ಸಿನ ಚಾಲಕ. 1951ರಿಂದ 1963ರವರೆಗೆ ತಮ್ಮ ಜನರ ಮುಖ್ಯಸ್ಥರಾಗಿದ್ದರು. ಹೆಸರಿನ ಹಿಂದಿನ ‘ಚೀಫ್’ ಸುಮ್ನೆ ಸಿನಿಮಾದವರು ಅಂಟಿಸಿದ್ದಲ್ಲ, ಹೊತ್ತ ಹೊಣೆ ಅದು.

ಇದರ ಜೊತೆಗೆ ಸಂಗೀತ ಇತ್ತು, ಇದನ್ನು ಬಿಡಬೇಡಿ. ಮನೆಯವರನ್ನು ಕಟ್ಟಿಕೊಂಡು ಅವರು ಒಂದು ವಾದ್ಯ ತಂಡ ಮಾಡಿದ್ದರು. ಕುದುರೆ ಪಳಗಿಸುವ ಪಂದ್ಯಗಳಾದ ರೋಡಿಯೋಗಳಲ್ಲಿ, ಕುಣಿತದ ಸಂಜೆಗಳಲ್ಲಿ ನುಡಿಸುತ್ತಿದ್ದರು. ಅವರ ಕೈಯಲ್ಲಿ ಇದ್ದದ್ದು ಡಬಲ್ ಬೇಸ್, ಆಳೆತ್ತರದ ದೊಡ್ಡ ತಂತಿವಾದ್ಯ. ಬೇಸ್ ನುಡಿಸುವವರು ಕುಣಿಯುವವರ ಕಾಲಿಗೆ ತಾಳ ಕೊಡುತ್ತಾ ಹಿಂದೆ ನಿಲ್ಲಬೇಕು. ಯಾವಾಗ ಸುಮ್ಮನಿರಬೇಕು ಅಂತ ತಿಳಿದಿರಬೇಕು. ಅವರ ನಟನೆಯಲ್ಲಿ ನನಗೆ ಕೇಳಿಸುವುದು ಇದೇ. ಎದುರಿನವರ ಮಾತು ಪೂರ್ತಿ ಮುಗಿಯುವವರೆಗೆ ಕಾಯುತ್ತಾರೆ, ಇನ್ನೂ ಅರ್ಧ ಮಾತ್ರೆ ಕಾಯುತ್ತಾರೆ, ಆಮೇಲೆ ಬಾಯಿ ತೆರೆಯುತ್ತಾರೆ.

ಈಗ 1967ಕ್ಕೆ ಬನ್ನಿ. ಅವರನ್ನು ಅರಿಯಲು ಒಂದೇ ಒಂದು ವರ್ಷ ಆರಿಸಿಕೊಳ್ಳಿ ಅಂದರೆ ನಾನು ಇದನ್ನೇ ಆರಿಸುತ್ತೇನೆ.

ಆ ವರ್ಷ ಜುಲೈ 1ಕ್ಕೆ ಕೆನಡಾಕ್ಕೆ ನೂರು ತುಂಬಿತು. ವ್ಯಾಂಕೂವರಿನ ಎಂಪೈರ್ ಸ್ಟೇಡಿಯಮ್ಮಿನಲ್ಲಿ ದೊಡ್ಡ ಹಬ್ಬ. ಸಾವಿರಾರು ಜನ ಸೇರಿದ್ದ ಆ ಸಂಭ್ರಮದ ನಡುವೆ ಡ್ಯಾನ್ ಜಾರ್ಜ್ ಒಂದು ಶೋಕಗೀತೆಯಂಥ ಮಾತನ್ನು ಹೇಳಿದರು. ನಿನ್ನನ್ನು ಎಷ್ಟು ಕಾಲದಿಂದ ಬಲ್ಲೆ ಅಂತ ಕೆನಡಾವನ್ನೇ ಕೇಳುತ್ತಾ ಶುರು ಮಾಡುತ್ತಾರೆ. ನೂರು ವರ್ಷವೇ? ಅದಕ್ಕಿಂತ ಎಷ್ಟೋ ಜಾಸ್ತಿ. ನದಿಯಲ್ಲಿ ಬಿಸಿಲಿಗೆ ಹೊಳೆಯುವ ಮೀನು, ಕೈತೆರೆದು ಉಣಿಸಿದ ಕಾಡು, ಆಮೇಲೆ ಎಲ್ಲ ಕೈ ತಪ್ಪಿದ್ದು. ಕೊನೆಯಲ್ಲಿ ಅವರು ಅಳುತ್ತಾ ನಿಲ್ಲುವುದಿಲ್ಲ. ನಮ್ಮ ಮಕ್ಕಳು ಓದು, ಕಸುಬು ಕಲಿತು, ಕಾನೂನು ಮಾಡುವ ಮನೆಗಳಲ್ಲಿ ಕೂರುತ್ತಾರೆ ಅನ್ನುತ್ತಾರೆ.

ಇದರ ಪಠ್ಯ ಸುಲಭವಾಗಿ ಸಿಗುತ್ತದೆ. ಕಣ್ಣಲ್ಲಿ ಓದಿ ಬಿಡಬೇಡಿ, ಗಟ್ಟಿಯಾಗಿ ಓದಿ. ಓದುವ ಮುಂಚೆ ಎರಡು ವಿಷಯ ತಲೆಯಲ್ಲಿರಲಿ. ಅವರ ಕರಾವಳಿ ಜನ ಕೊಡುಗೆ ಹಂಚುವ ಪಾಟ್‌ಲ್ಯಾಚ್ ಎಂಬ ದೊಡ್ಡ ಆಚರಣೆಯನ್ನು ಕೆನಡಾದ ಕಾನೂನು 1885ರಿಂದ 1951ರವರೆಗೆ ನಿಷೇಧಿಸಿತ್ತು. ಮೂಲನಿವಾಸಿಗಳು ತಮ್ಮ ಕಾನೂನುಬದ್ಧ ಸ್ಥಾನಮಾನ ಬಿಟ್ಟುಕೊಡದೆ ಕೇಂದ್ರ ಚುನಾವಣೆಯಲ್ಲಿ ಮತ ಹಾಕಲು ಆದದ್ದು 1960ರಲ್ಲಿ. ಅಂದರೆ ಆ ಮೈದಾನದಲ್ಲಿ ನಿಂತಿದ್ದ 67 ವರ್ಷದ ಮನುಷ್ಯನಿಗೆ ಮತದ ಹಕ್ಕು ಸಿಕ್ಕಿ ಬರೀ 7 ವರ್ಷ ಆಗಿತ್ತು. ಇದು ಗೊತ್ತಿದ್ದು ಓದಿದರೆ ಮೊದಲ ಪ್ರಶ್ನೆಯೇ ಬೇರೆ ಥರ ಕೇಳಿಸುತ್ತದೆ.

ಅದೇ ನವೆಂಬರಿನಲ್ಲಿ ವ್ಯಾಂಕೂವರ್ ಪ್ಲೇಹೌಸ್‌ನಲ್ಲಿ ಜಾರ್ಜ್ ರೀಗಾ ಬರೆದ ‘ದಿ ಎಕ್ಸ್‌ಟಸಿ ಆಫ್ ರೀಟಾ ಜೋ’ ನಾಟಕ ಮೊದಲ ಸಲ ರಂಗಕ್ಕೆ ಬಂತು. ನಗರಕ್ಕೆ ಹೋಗಿ ನಾಶವಾಗುವ ಮೂಲನಿವಾಸಿ ಹುಡುಗಿಯ ಕಥೆ. ಡ್ಯಾನ್ ಜಾರ್ಜ್ ಅವಳ ತಂದೆ ಡೇವಿಡ್ ಜೋ. ನಾಟಕ ಪುಸ್ತಕವಾಗಿ ಸಿಗುತ್ತದೆ. ಅದರಲ್ಲಿ ತಂದೆ ಹೇಳುವ ಏರೋಪ್ಲೇನ್ ಚಿಟ್ಟೆಯ ಮಾತನ್ನು ಹುಡುಕಿ. ಮರದ ದಿಮ್ಮಿಗೆ ಕಾಲೂರಿ, ಎಳೆದು ಎಳೆದು, ಚಿಪ್ಪು ಒಡೆದು, ನಿಧಾನಕ್ಕೆ ರೆಕ್ಕೆ ಹೊರತೆಗೆಯುವ ಹುಳುವಿನ ಕಥೆ ಅದು. ನನ್ನ ಬಳಿ ಕಲಿಯಲು ಬರುವವರಿಗೆ ಮೊದಲು ಕೊಡುವ ಪಾಠ ಈ ಮಾತೇ. ಹುಳು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೋ ಅಷ್ಟು ಹೊತ್ತು ನೀವೂ ತೆಗೆದುಕೊಳ್ಳಬೇಕು. ಅವಸರ ಮಾಡಿದರೆ ರೆಕ್ಕೆ ಬಿಚ್ಚುವುದೇ ಇಲ್ಲ. ನಟರು ಹಠ ಹಿಡಿದು ಕಣ್ಣೀರು ತರಿಸಲು ನೋಡುತ್ತಾರೆ, ಅದು ಬೇಡ. ತಂದೆ ತಾನು ಕಂಡದ್ದನ್ನು ಹೇಳುತ್ತಿದ್ದಾನೆ, ಅಷ್ಟೇ ಸಾಕು.

ಇಷ್ಟು ಆದ ಮೇಲೆ ಪರದೆಯ ಕಡೆ ಹೋಗಬಹುದು. ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿಯ ‘ಕ್ಯಾರಿಬೂ ಕಂಟ್ರಿ’ ಸರಣಿಯಲ್ಲಿ ಅವರ ನಟನೆ ಶುರುವಾಯಿತು. ಓಲ್ಡ್ ಆಂಟ್ವಾನ್ ಪಾತ್ರ ಮಾಡಬೇಕಿದ್ದ ಬಿಳಿಯ ನಟ ಕಾಯಿಲೆ ಬಿದ್ದರು. ಅದೇ ಸರಣಿಯಲ್ಲಿದ್ದ ಡ್ಯಾನ್ ಜಾರ್ಜ್ ಅವರ ಮಗ, ನಮ್ಮಪ್ಪ ಇದ್ದಾರೆ ಅಂತ ಹೇಳಿದ. ಆ ಸರಣಿಯ ಕಂತುಗಳು ಸಿಕ್ಕರೆ ನೋಡಿ, ಸಿಗದಿದ್ದರೆ ಮುಂದೆ ಹೋಗಿ.

‘ಲಿಟಲ್ ಬಿಗ್ ಮ್ಯಾನ್’ 1970ರದು. ನಿರ್ದೇಶಕ ಆರ್ಥರ್ ಪೆನ್, ನಾಯಕ ಡಸ್ಟಿನ್ ಹಾಫ್‌ಮನ್. ಅಮೆರಿಕದ ಮೂಲನಿವಾಸಿಗಳಾದ ಶೆಯೆನ್ ಜನರ ಹಿರಿಯ ಓಲ್ಡ್ ಲಾಡ್ಜ್ ಸ್ಕಿನ್ಸ್ ಪಾತ್ರಕ್ಕೆ ಮೊದಲು ದೊಡ್ಡ ಬಿಳಿಯ ನಟರನ್ನೇ ಯೋಚಿಸಿದ್ದರು. ಕೊನೆಗೆ ಅದು ಡ್ಯಾನ್ ಜಾರ್ಜ್ ಅವರ ಪಾಲಾಯಿತು. ಆಸ್ಕರ್ ಪೋಷಕ ನಟ ನಾಮನಿರ್ದೇಶನ ಬಂದದ್ದು ಇದಕ್ಕೇ. ನ್ಯೂಯಾರ್ಕ್ ವಿಮರ್ಶಕರ ಬಳಗದ ಪ್ರಶಸ್ತಿಯೂ ಬಂತು. ಇಲ್ಲಿ ಒಂದು ಎಚ್ಚರ: ಪರದೆಯ ಮೇಲೆ ಕಾಣುವ ಟೀಪಿ ಗುಡಾರ, ಕುದುರೆ ಎಲ್ಲ ಬಯಲು ಸೀಮೆಯ ಜನರವು. ಡ್ಯಾನ್ ಜಾರ್ಜ್ ಅವರ ಜನ ಕಡಲ ದಡದವರು, ದೇವದಾರಿನ ದೋಣಿಯವರು, ಸಾಲ್ಮನ್ ಮೀನಿನವರು. ಸಿನಿಮಾದ ವೇಷ ನೋಡಿ ಅವರ ಬದುಕು ಹೀಗೇ ಇತ್ತು ಅಂದುಕೊಳ್ಳಬೇಡಿ. ಅವರು ಇನ್ನೊಂದು ಜನಾಂಗದ ಹಿರಿಯನನ್ನು ನಟಿಸುತ್ತಿದ್ದಾರೆ.

ಇದರಲ್ಲಿ ಗುಡ್ಡದ ದೃಶ್ಯವನ್ನು ಎರಡು ಸಲ ನೋಡಿ. ಸಾಯಲು ಇದು ಒಳ್ಳೆಯ ದಿನ ಅಂತ ಮುದುಕ ಗುಡ್ಡ ಹತ್ತುತ್ತಾನೆ, ಪ್ರಾರ್ಥಿಸುತ್ತಾನೆ, ಮಲಗುತ್ತಾನೆ. ಮಳೆ ಹನಿ ಮುಖದ ಮೇಲೆ ಬೀಳುತ್ತದೆ. ಕಣ್ಣು ಬಿಡುತ್ತಾನೆ. ಮಂತ್ರ ಒಮ್ಮೊಮ್ಮೆ ಫಲಿಸುತ್ತದೆ, ಒಮ್ಮೊಮ್ಮೆ ಇಲ್ಲ ಅಂತ ಹೇಳಿ ಎದ್ದು ಇಳಿಯುತ್ತಾನೆ. ಮೊದಲ ಸಲ ನೋಡಿದಾಗ ನಗು ಬರುತ್ತದೆ. ಎರಡನೇ ಸಲ ಕಣ್ಣು ಮುಚ್ಚಿ ಬರೀ ಕೇಳಿ. ಪ್ರಾರ್ಥನೆಗೂ ಆ ಕೊನೆಯ ಮಾತಿಗೂ ಅವರ ಗಂಟಲು ಬದಲಾಗುವುದಿಲ್ಲ. ನಗಿಸುತ್ತೇನೆ ಅಂತ ಅವರು ಒಂದು ಸೂಚನೆಯನ್ನೂ ಕೊಡುವುದಿಲ್ಲ. ಹೊಸ ನಟರಿಗೆ ಕಲಿಸಲು ಅತಿ ಕಷ್ಟವಾದದ್ದು ಇದೇ ಅಂತ ನನ್ನ ಅನುಭವ.

ಆಮೇಲೆ 1976ರ ‘ದಿ ಔಟ್‌ಲಾ ಜೋಸಿ ವೇಲ್ಸ್’. ಕ್ಲಿಂಟ್ ಈಸ್ಟ್‌ವುಡ್ ಜೊತೆ ಲೋನ್ ವೇಟಿ ಎಂಬ ಹಿರಿಯನ ಪಾತ್ರ, ಅಮೆರಿಕದ ಇನ್ನೊಂದು ಮೂಲನಿವಾಸಿ ಜನರಾದ ಚೆರೋಕಿಗಳವನು. ವಾಷಿಂಗ್ಟನ್ನಿಗೆ ಹೋದಾಗ ಸರ್ಕಾರದವರು ಚಂದದ ಮಾತು ಹೇಳಿ ಬರಿಗೈಲಿ ಕಳಿಸಿದ ಕಥೆಯನ್ನು ಆತ ಹೇಳುವ ದೃಶ್ಯ ಬರುತ್ತದೆ, ಅಲ್ಲಿ ನಿಲ್ಲಿಸಿ, ಮತ್ತೆ ಹಾಕಿ. 1967ರ ಮೈದಾನದ ಮಾತನ್ನು ಮೊದಲೇ ಓದಿದ್ದರೆ ಈ ನಗುವಿನ ಕೆಳಗೆ ಏನಿದೆ ಅಂತ ತಕ್ಷಣ ತಿಳಿಯುತ್ತದೆ. ಸಿನಿಮಾಗಳನ್ನು ತಡವಾಗಿ ನೋಡಿ ಅಂತ ಹೇಳಿದ್ದು ಇದಕ್ಕೇ. 1974ರ ‘ಹ್ಯಾರಿ ಆ್ಯಂಡ್ ಟೋಂಟೋ’ದಲ್ಲಿ ಅವರದು ಚಿಕ್ಕ ಪಾತ್ರ, ಜೈಲಿನ ಕೋಣೆಯಲ್ಲಿ ನಾಯಕನ ಭುಜದ ನೋವಿಗೆ ಮದ್ದು ಮಾಡುವ ಮುದುಕ. ಬಿಡುವಿದ್ದರೆ ನೋಡಿ.

ಹಾಡಿನ ಕಡೆಗೆ ಬಂದರೆ, 1974ರಲ್ಲಿ ಫೈರ್‌ವೀಡ್ ಎಂಬ ತಂಡದ ಜೊತೆ ಅವರ ಒಂದು ಆಲ್ಬಮ್ ಬಂತು. ಆದರೆ ಮೊದಲು ಕೇಳಬೇಕಾದದ್ದು ಅವರ ಪ್ರಾರ್ಥನಾ ಗೀತೆ. ಈಗ ಅದನ್ನು ಕೋಸ್ಟ್ ಸೇಲಿಷ್ ಗೀತೆ ಅಂತಲೂ ಕರೆಯುತ್ತಾರೆ, ಬ್ರಿಟಿಷ್ ಕೊಲಂಬಿಯಾದ ಸಮಾರಂಭಗಳಲ್ಲಿ, ಶಾಲೆಗಳಲ್ಲಿ ಹಾಡುತ್ತಾರೆ. ಮನೆ ಮಾತು ಆಡಬಾರದು ಅಂತ ಶಾಲೆ ಹೇಳಿದ್ದ ಹುಡುಗನ ಹಾಡನ್ನು ಇವತ್ತು ಶಾಲೆಯ ಮಕ್ಕಳೇ ಹಾಡುವುದನ್ನು ಕೇಳಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ. ನೀವೇ ವೇದಿಕೆಯಲ್ಲಿ ಹಾಡುವ ಮನಸ್ಸಾದರೆ ತಡೆಯಿರಿ. ಆ ಸಮುದಾಯಗಳಲ್ಲಿ ಹಾಡು ಒಂದು ಮನೆತನಕ್ಕೆ ಸೇರಿದ ಸ್ವತ್ತು, ಕೇಳಿ ಪಡೆದು ಹಾಡುವುದು ಅಲ್ಲಿನ ರೀತಿ.

ಓದಲು ಎರಡು ಪುಸ್ತಕಗಳಿವೆ. ‘ಮೈ ಹಾರ್ಟ್ ಸೋರ್ಸ್’ ಬಂದದ್ದು 1974ರಲ್ಲಿ. ‘ಮೈ ಸ್ಪಿರಿಟ್ ಸೋರ್ಸ್’ ಅವರು 1981ರ ಸೆಪ್ಟೆಂಬರ್ 23ರಂದು ತೀರಿಕೊಂಡ ಮೇಲೆ ಬಂತು. ಎರಡಕ್ಕೂ ಚಿತ್ರ ಬರೆದವರು ಹೆಲ್ಮುಟ್ ಹಿರ್ನ್‌ಶಾಲ್. ಮೊದಲನೆಯದನ್ನೇ ತೆಗೆದುಕೊಳ್ಳಿ. ಸಾಲುಗಳು ಚಿಕ್ಕವು, ಒಂದೇ ಸಲ ಕೂತು ಮುಗಿಸಬಹುದು ಅನ್ನಿಸುತ್ತದೆ, ಹಾಗೆ ಮಾಡಬೇಡಿ. ದಿನಕ್ಕೆ ಒಂದು ಪುಟ, ಬಾಯಿಬಿಟ್ಟು ಓದಿ. ಪ್ರತಿ ಸಾಲಿನ ಕೊನೆಗೆ ಒಂದು ಉಸಿರು ನಿಲ್ಲಿ. ಒಂದು ಸಾಲು ಅರ್ಥವಾಗದಿದ್ದರೆ ದನಿ ಏರಿಸಬೇಡಿ, ಇನ್ನಷ್ಟು ನಿಧಾನ ಮಾಡಿ.