ಪೊಟ್ಯಾಶ್ ಚೀಲದ ಗಾಮಾ: ತರಂಗದೂರದ ಲೆಕ್ಕ ಹಾಕುವುದು ಹೇಗೆ?

ಸೂತ್ರ ಎಲ್ಲರಿಗೂ ಬಾಯಿಪಾಠ. ಪ್ಲಾಂಕ್ ಸ್ಥಿರಾಂಕ ಮತ್ತು ಬೆಳಕಿನ ವೇಗದ ಗುಣಲಬ್ಧವನ್ನು ಶಕ್ತಿಯಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆ. ಆದರೂ ಮಡಿಕೇರಿ, ವಿರಾಜಪೇಟೆ ಕಡೆಯಿಂದ ಪುಸ್ತಕ ಹಿಡಿದು ಬರುವ ಪಿಯುಸಿ ಮಕ್ಕಳ ಉತ್ತರ ನೋಡಿದರೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಎಡವುವುದೆಲ್ಲ ಯೂನಿಟ್ಟಿನಲ್ಲಿ, ಘಾತದಲ್ಲಿ.

ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕಾಫಿ ತೋಟಕ್ಕೆ ಹಾಕುವ ಪೊಟ್ಯಾಶ್ ಚೀಲ ಸ್ಟೋರಿನಲ್ಲಿ ಬಿದ್ದಿರುತ್ತದೆ ಅಲ್ವಾ, ಅದೇ ಸಾಕು. ಅದರಲ್ಲಿರುವ ಪೊಟ್ಯಾಸಿಯಂನಲ್ಲಿ ನೂರಕ್ಕೆ 0.0117ರಷ್ಟು ಪೊಟ್ಯಾಸಿಯಂ-40 ಎಂಬ ವಿಕಿರಣ ಸೂಸುವ ಬಗೆ ಇರುತ್ತದೆ. ಅದರಿಂದಾಗಿ ಒಂದು ಗ್ರಾಂ ಪೊಟ್ಯಾಸಿಯಂನಿಂದ ಸೆಕೆಂಡಿಗೆ ಸುಮಾರು ಮೂರು ಗಾಮಾ ಫೋಟಾನ್, ಅಂದರೆ ಗಾಮಾ ಕಿರಣದ ಶಕ್ತಿಯ ತುಣುಕು, ಹೊರಬರುತ್ತವೆ. ಗಾಬರಿ ಬೇಡ, ಬಾಳೆಹಣ್ಣಿನಲ್ಲೂ ಇದೆ, ನಮ್ಮ ಮೈಯಲ್ಲೂ ಇದೆ. ಒಂದು ಫೋಟಾನಿನ ಶಕ್ತಿ 1.461 ಮೆಗಾ ಎಲೆಕ್ಟ್ರಾನ್ ವೋಲ್ಟ್. ಹಾಗಾದರೆ ತರಂಗದೂರ ಎಷ್ಟು?

ಮೊದಲು ಮೇಲಿನ ಗುಣಾಕಾರ ಮುಗಿಸಿ. 6.626×10⁻³⁴ ಗುಣಿಸು 2.998×10⁸, ಬಂದದ್ದು 1.986×10⁻²⁵. ಇದು ಯಾವ ಲೆಕ್ಕಕ್ಕೂ ಬದಲಾಗುವುದಿಲ್ಲ, ಪುಸ್ತಕದ ಹಿಂದೆ ಬರೆದಿಟ್ಟುಕೊಳ್ಳಿ.

ಎರಡನೆಯದು ಶಕ್ತಿಯನ್ನು ಜೂಲ್‌ಗೆ ತರುವುದು. ಇಲ್ಲಿ ನಿಧಾನ ಮಾಡಿ. ಮೆಗಾ ಅಂದರೆ 10⁶, ಒಂದು ಎಲೆಕ್ಟ್ರಾನ್ ವೋಲ್ಟ್ ಅಂದರೆ 1.602×10⁻¹⁹ ಜೂಲ್. ಎರಡನ್ನೂ ಗುಣಿಸಬೇಕು. ಜಾಸ್ತಿ ಜನ ಮೆಗಾ ಮರೆಯುತ್ತಾರೆ. ಮರೆತರೆ ಉತ್ತರ ಸುಮಾರು 850 ನ್ಯಾನೊಮೀಟರ್ ಬರುತ್ತದೆ, ಅದು ಟಿವಿ ರಿಮೋಟಿನ ಇನ್‌ಫ್ರಾರೆಡ್ ಬೆಳಕಿನ ಆಸುಪಾಸು, ಆದರೂ ಮಕ್ಕಳು ಅದಕ್ಕೇ ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗಿರುತ್ತಾರೆ! ಸರಿಯಾಗಿ ಗುಣಿಸಿದರೆ 2.341×10⁻¹³ ಜೂಲ್.

ಈಗ ಭಾಗಾಕಾರ. 1.986ನ್ನು 2.341ರಿಂದ ಭಾಗಿಸಿದರೆ 0.848. ಘಾತದ ಕಡೆ ಮೈನಸ್ 25ರಿಂದ ಮೈನಸ್ 13 ಕಳೆಯಬೇಕು, ಅಂದರೆ 13 ಕೂಡಬೇಕು. ಬರುವುದು ಮೈನಸ್ 12. ಎರಡೂ ಮೈನಸ್ ಅಂತ ಸುಮ್ನೆ ಕೂಡಿಬಿಟ್ಟರೆ ಮೈನಸ್ 38 ಆಗುತ್ತದೆ. ತಮಾಷೆ ಅಂದರೆ, ಕ್ಯಾಲ್ಕುಲೇಟರಿನಲ್ಲಿ ಕೆಳಗಿನ ಸಂಖ್ಯೆಗೆ ಬ್ರಾಕೆಟ್ ಹಾಕದೆ ಸಾಲಾಗಿ ಒತ್ತಿದರೂ ಇದೇ ಮೈನಸ್ 38 ಬರುತ್ತದೆ, ಹಾಗಾಗಿ ಕೈಲೆಕ್ಕ, ಮೆಷಿನ್ ಎರಡೂ ತಾಳೆಯಾಯಿತು ಅಂತ ಖುಷಿಪಡುತ್ತಾರೆ. ಪರಮಾಣುವಿನ ನ್ಯೂಕ್ಲಿಯಸ್ಸೇ 10⁻¹⁵ ಮೀಟರ್ ಲೆಕ್ಕದ್ದು. ಅದಕ್ಕಿಂತ ಅಷ್ಟೊಂದು ಚಿಕ್ಕ ಉತ್ತರ ಬಂತೆಂದರೆ ಅಲ್ಲೇ ನಿಲ್ಲಿಸಿ. ನಮ್ಮ ಉತ್ತರ 0.85×10⁻¹² ಮೀಟರ್, ಅಂದರೆ 0.85 ಪಿಕೋಮೀಟರ್.

ಇಷ್ಟೆಲ್ಲ ಕಷ್ಟ ಯಾಕೆ ಅಂತ ಕೇಳಿದರೆ, ಅಡ್ಡದಾರಿಯೂ ಇದೆ. ನಾನು ಇದನ್ನೇ ಬಳಸುವುದು, ನೀವೂ ಬಳಸಿ. ಶಕ್ತಿಯನ್ನು ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ ಬರೆದು 1240ನ್ನು ಅದರಿಂದ ಭಾಗಿಸಿ, ಉತ್ತರ ನೇರ ಪಿಕೋಮೀಟರಿನಲ್ಲಿ. 1240 ಭಾಗಿಸು 1461, ಅದೇ 0.85. ಸಿಇಟಿ, ನೀಟ್‌ಗೆ ಕ್ಯಾಲ್ಕುಲೇಟರ್ ಒಳಗೆ ಬಿಡುವುದಿಲ್ಲ, ಅಲ್ಲಿ ಇದೇ ದಿಕ್ಕು. ಯೂನಿಟ್ ಹೇಳದೆ ಬರೀ ಸಂಖ್ಯೆ ಉಗುಳುವ ಮೊಬೈಲ್ ಆ್ಯಪ್‌ಗಳನ್ನಂತೂ ಡಿಲೀಟ್ ಮಾಡಿ.

ಹಿಂದುಮುಂದಾಗಿ, ಅಂದರೆ ತರಂಗದೂರ ಕೊಟ್ಟು ಶಕ್ತಿ ಕೇಳಿದರೂ ಅದೇ 1240. ಆಸ್ಪತ್ರೆಯ ಸ್ಕ್ಯಾನಿಗೆ ಬಳಸುವ ಟೆಕ್ನೀಷಿಯಂ-99ಎಂ ಗಾಮಾದ ತರಂಗದೂರ 8.82 ಪಿಕೋಮೀಟರ್. ಭಾಗಿಸಿದರೆ ಸುಮಾರು 141 ಕಿಲೋ ಎಲೆಕ್ಟ್ರಾನ್ ವೋಲ್ಟ್.

ಕೋಬಾಲ್ಟ್-60 ಕೊಟ್ಟರೆ ಹುಷಾರು. ಅದರಿಂದ 1173 ಮತ್ತು 1332 ಕಿಲೋ ಎಲೆಕ್ಟ್ರಾನ್ ವೋಲ್ಟಿನ ಎರಡು ಗಾಮಾ ಬರುತ್ತವೆ. ಕೂಡಿಸುವುದೂ ಬೇಡ, ಸರಾಸರಿಯೂ ಬೇಡ. ಫೋಟಾನ್ ಬೇರೆ ಬೇರೆ, ಉತ್ತರವೂ ಬೇರೆ ಬೇರೆ: 1.06 ಮತ್ತು 0.93 ಪಿಕೋಮೀಟರ್.

ಪೊಟ್ಯಾಸಿಯಂ-40 ಗಾಮಾಕ್ಕಿಂತ ಬೀಟಾ ಕಣಗಳನ್ನೇ ಜಾಸ್ತಿ ಹೊರಹಾಕುತ್ತದೆ. ಅವು ಎಲೆಕ್ಟ್ರಾನುಗಳು, ಅವಕ್ಕೆ ದ್ರವ್ಯರಾಶಿ ಇದೆ. ಅವುಗಳ ಶಕ್ತಿಯನ್ನು ಈ 1240ರ ಲೆಕ್ಕಕ್ಕೆ ತುರುಕಬೇಡಿ. ಅಲ್ಲಿ ಸಂವೇಗದಿಂದ (ಮೊಮೆಂಟಮ್) ಹೊರಡಬೇಕು, ಡಿ ಬ್ರಾಗ್ಲಿ ಸೂತ್ರ ಹಿಡಿದು: ಪ್ಲಾಂಕ್ ಸ್ಥಿರಾಂಕವನ್ನು ಸಂವೇಗದಿಂದ ಭಾಗಿಸುವುದು.