ಅಮ್ಮನ ಜೊತೆ ಹೊರಗಿನ ಕೆಲಸಗಳ ದಿನ: ಸರದಿ ಹೀಗೆ ಹಾಕುತ್ತೇನೆ

ಲ್ಯಾಬು, ಡಾಕ್ಟರು, ಬ್ಯಾಂಕು, ಔಷಧಿ ಅಂಗಡಿ, ಕಣ್ಣಿನ ಪರೀಕ್ಷೆ. ಇವೆಲ್ಲ ಒಂದೇ ದಿನಕ್ಕೆ ಬಿದ್ದಾಗ ಯಾರೇ ಆದರೂ ದಾರಿ ನೋಡಿ ಸರದಿ ಹಾಕುತ್ತಾರೆ: ಹತ್ತಿರದ್ದು ಮೊದಲು, ದೂರದ್ದು ಆಮೇಲೆ. ವಯಸ್ಸಾದ ಅಮ್ಮ ಜೊತೆಗಿದ್ದರೆ ಈ ಲೆಕ್ಕ ಮಧ್ಯಾಹ್ನದೊಳಗೆ ಕೆಡುತ್ತದೆ. ಹೊಟ್ಟೆ ಯಾವಾಗ ಖಾಲಿ ಇರಬೇಕು, ಮೂತ್ರಕ್ಕೆ ಯಾವಾಗ ಅವಸರವಾಗುತ್ತದೆ, ಕಣ್ಣು ಯಾವಾಗ ಮಂಜಾಗುತ್ತದೆ ಎಂಬುದನ್ನು ನೋಡಿಕೊಂಡು ನಾನು ಸರದಿ ಹಾಕುತ್ತೇನೆ. ಅಮ್ಮನಿಗಿರುವುದು ಶುಗರ್, ಬಿಪಿ, ಥೈರಾಯ್ಡ್, ಒಂದು ಮಂಡಿ ನೋವು; ಈ ವಯಸ್ಸಿನಲ್ಲಿ ಬಹಳ ಮಂದಿಗಿರುವಂಥವೇ.

ಖಾಲಿ ಹೊಟ್ಟೆಯ ರಕ್ತ ಮೊದಲು. ರಾತ್ರಿಯ ಊಟದ ನಂತರ 8ರಿಂದ 12 ಗಂಟೆ ಬಿಡುವು ಸಾಕು. ಅದಕ್ಕಿಂತ ಹೆಚ್ಚು ಉಪವಾಸ ಕೂರಿಸಿದರೆ ಸುಸ್ತು, ತಲೆಸುತ್ತು ಬಿಟ್ಟು ಬೇರೆ ಲಾಭವಿಲ್ಲ. ಲ್ಯಾಬ್ ತೆರೆಯುವ ಹೊತ್ತಿಗೆ 10–11 ಗಂಟೆ ಆಗುವಂತೆ ರಾತ್ರಿ ಊಟವನ್ನೇ ಹಿಂದೆಮುಂದೆ ಮಾಡುತ್ತೇನೆ. ಉಪವಾಸವೆಂದರೆ ನೀರೂ ಮುಟ್ಟಬಾರದು ಎಂದುಕೊಳ್ಳುವ ಹಿರಿಯರು ಬಹಳ. ಮಾಮೂಲಿ ರಕ್ತಪರೀಕ್ಷೆಗೆ ನೀರು ಕುಡಿಯಬಹುದು, ಕುಡಿಸಲೂ ಬೇಕು. ಮೈಯಲ್ಲಿ ನೀರು ಕಡಿಮೆಯಾದರೆ ನರ ಸುಲಭಕ್ಕೆ ಸಿಗದೆ ಎರಡು ಮೂರು ಕಡೆ ಚುಚ್ಚುತ್ತಾರೆ. ಶುಗರ್ ಮಾತ್ರೆ, ಊಟದ ಹೊತ್ತಿನ ಇನ್ಸುಲಿನ್ ಎರಡೂ ತಿಂಡಿಯ ಜೊತೆಗೇ. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ತಿಂಡಿ ತಡವಾದರೆ ಸಕ್ಕರೆ ಕುಸಿಯುತ್ತದೆ. ಥೈರಾಯ್ಡ್ ಪರೀಕ್ಷೆಯೂ ಇದ್ದರೆ ಆ ಬೆಳಗಿನ ಥೈರಾಕ್ಸಿನ್ ಮಾತ್ರೆ ರಕ್ತ ಕೊಟ್ಟ ಮೇಲೆ. ಆಮೇಲೆ ಅರ್ಧದಿಂದ ಒಂದು ಗಂಟೆ ಬಿಟ್ಟು ತಿಂಡಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳು ಅದಕ್ಕೆ ನಾಲ್ಕು ಗಂಟೆ ದೂರದಲ್ಲಿರಬೇಕು. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ತಿನ್ನುತ್ತಿದ್ದರೆ ಲ್ಯಾಬ್‌ನವರಿಗೆ ಮೊದಲೇ ಹೇಳಿಬಿಡಿ. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಅಂಕಿಗಳನ್ನು ತಪ್ಪು ತೋರಿಸಬಲ್ಲದು.

ರಕ್ತ ತೆಗೆದ ಮೇಲೆ ಎಲ್ಲರೂ ಮೊಣಕೈ ಮಡಚುತ್ತಾರೆ. ಬೇಡ. ಕೈ ನೇರವಾಗಿಟ್ಟು ಹತ್ತಿಯನ್ನು ಐದು ನಿಮಿಷ ಒತ್ತಿ ಹಿಡಿಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರಿಗೆ ಇನ್ನೂ ಹೆಚ್ಚು ಹೊತ್ತು. ಮಡಚಿದ ಕೈಯಲ್ಲಿ ಮರುದಿನ ನೀಲಿಗಟ್ಟುವುದು ಹೆಚ್ಚು.

ಊಟದ ನಂತರದ ಶುಗರ್ ನೋಡಬೇಕಿದ್ದರೆ ಎರಡು ಗಂಟೆಯ ಲೆಕ್ಕ ತಿಂಡಿಯ ಮೊದಲ ತುತ್ತಿನಿಂದ ಶುರು. ಕೈ ತೊಳೆದ ಹೊತ್ತಿನಿಂದ ಎಣಿಸಿದರೆ ಅರ್ಧ ಗಂಟೆ ಆಚೀಚೆ ಆಗುತ್ತದೆ. ಈ ನಡುವೆ ಜಾಸ್ತಿ ನಡೆಸಿದರೆ ಅಂಕಿ ಕಡಿಮೆ ಬರುತ್ತದೆ, ಆದ್ದರಿಂದ ಕೂತು ಮಾಡುವ ಕೆಲಸ, ಅಂದರೆ ಬ್ಯಾಂಕು, ಆ ಎರಡು ಗಂಟೆಗೆ ಸರಿಹೊಂದುತ್ತದೆ. ಹೊಟ್ಟೆ ತುಂಬಿ, ಆಯಾಸ ಇನ್ನೂ ಹತ್ತದ ಹೊತ್ತು. ಕೈ ನಡುಗುವುದೂ ಕಡಿಮೆ. ನಿಂತು ಸಹಿ ಹಾಕಿಸಬೇಡಿ. ಮುಂಗೈ ಪೂರ್ತಿ ಮೇಜಿನ ಮೇಲೆ ಕೂರಬೇಕು, ಓದುವ ಕನ್ನಡಕ ಮೂಗಿನ ಮೇಲಿರಬೇಕು, ಪೆನ್ನು ದಪ್ಪಗಿರಬೇಕು. ಹಳೆಯ ಸಹಿಯ ನಕಲೊಂದನ್ನು ಪಕ್ಕದಲ್ಲಿಟ್ಟರೆ ಹೊಂದಿಸಿ ಹಾಕಲು ಸುಲಭ. ಬೆರಳಚ್ಚು ಕೇಳುವ ಕಡೆ ಬೇರೆ ತೊಂದರೆ: ವಯಸ್ಸಾದಂತೆ ಬೆರಳಿನ ಗೆರೆಗಳು ಸವೆಯುತ್ತವೆ, ಚರ್ಮ ಒಣಗುತ್ತದೆ, ಯಂತ್ರ ಗುರುತಿಸುವುದಿಲ್ಲ. ಬೆಚ್ಚನೆಯ ನೀರಲ್ಲಿ ತೊಳೆದು ಒರೆಸಿ, ಚೂರು ಕ್ರೀಮ್ ಸವರಿ, ಜಿಡ್ಡು ಉಳಿಯದಂತೆ ಒರೆಸಿದರೆ ಕೆಲವೊಮ್ಮೆ ಹಿಡಿಯುತ್ತದೆ. ಹೆಬ್ಬೆರಳು ಆಗದಿದ್ದರೆ ಬೇರೆ ಬೆರಳು. ಅದೂ ಆಗದಿದ್ದರೆ ಮುಖ ಅಥವಾ ಕಣ್ಣಿನಿಂದ ಗುರುತಿಸುವ ವ್ಯವಸ್ಥೆ ಇದೆಯೇ ಎಂದು ಕೇಳುತ್ತೇನೆ.

ಗಾಡಿ ಹತ್ತಿಸುವ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. ಇಡೀ ದಿನದ ಸುಸ್ತಿನಲ್ಲಿ ದೊಡ್ಡ ಪಾಲು ಇದರದ್ದೇ. ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸುತ್ತೇನೆ. ಅಮ್ಮ ಸೀಟಿಗೆ ಬೆನ್ನು ಹಾಕಿ, ಕಾಲಿನ ಹಿಂಭಾಗಕ್ಕೆ ಸೀಟಿನ ಅಂಚು ತಗುಲುವವರೆಗೆ ಹಿಂದೆ ಬರುತ್ತಾಳೆ, ತಲೆ ಬಗ್ಗಿಸಿ ಕೂರುತ್ತಾಳೆ, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸುತ್ತಾಳೆ. ಒಂದು ಕಾಲು ಒಳಗಿಟ್ಟು ತೂರಿಕೊಂಡರೆ ಪೂರ್ತಿ ಭಾರ ನೋವಿನ ಮಂಡಿಯ ಮೇಲೆ, ಅದೂ ತಿರುಚಿದ ಸ್ಥಿತಿಯಲ್ಲಿ. ಸೀಟಿನ ಬಟ್ಟೆ ಹಿಡಿದುಕೊಳ್ಳುವಂತಿದ್ದರೆ ತಿರುಗುವಾಗ ಮಾತ್ರ ಒಂದು ಪ್ಲಾಸ್ಟಿಕ್ ಚೀಲ ಹಾಸಿ, ಕೂತ ಮೇಲೆ ಎಳೆದುಬಿಡಬೇಕು. ಹಾಗೇ ಬಿಟ್ಟರೆ ಬ್ರೇಕ್ ಹಾಕಿದಾಗ ಜಾರುತ್ತಾರೆ. ಬಾಗಿಲನ್ನು ಆಧಾರಕ್ಕೆ ಹಿಡಿಯಲು ಬಿಡಬಾರದು, ಅದು ಓಲಾಡುತ್ತದೆ. ಎತ್ತರದ ಫುಟ್‌ಪಾತಿನ ಪಕ್ಕಕ್ಕೇ ನಿಲ್ಲಿಸಿದರೆ ಸೀಟು ಇನ್ನೂ ತಗ್ಗಾಗಿ ಎದ್ದೇಳುವುದು ಕಷ್ಟ, ಸಮನೆಲ ನೋಡಿ ನಿಲ್ಲಿಸಿ.

ಮೆಟ್ಟಿಲಿನಲ್ಲಿ ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಹತ್ತುವಾಗ ನಾನು ಒಂದು ಮೆಟ್ಟಿಲು ಹಿಂದೆ, ಇಳಿಯುವಾಗ ಒಂದು ಮೆಟ್ಟಿಲು ಮುಂದೆ. ಅಂದರೆ ಎರಡರಲ್ಲೂ ಕೆಳಗಡೆ. ಕೋಲು ನೋವಿನ ಕಾಲಿನ ಎದುರು ಬದಿಯ ಕೈಯಲ್ಲಿ. ನೇರ ನಿಂತು ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ಕೋಲಿನ ತುದಿಯ ರಬ್ಬರ್ ಸವೆದು ನುಣುಪಾಗಿದ್ದರೆ ಒದ್ದೆ ನೆಲದ ಮೇಲೆ ಅದೇ ಜಾರುತ್ತದೆ. ಸಮನೆಲದಲ್ಲಿ ಅಮ್ಮನ ತೋಳು ಹಿಡಿದು ಎಳೆಯುವುದಕ್ಕಿಂತ ಅವಳೇ ನನ್ನ ತೋಳು ಹಿಡಿಯುವುದು ಒಳ್ಳೆಯದು. ವೇಗ ಅವಳದ್ದಾಗುತ್ತದೆ.

ಮೂತ್ರ ಹೋಗಿಸುವ ಫ್ರುಸೆಮೈಡ್‌ನಂಥ ಮಾತ್ರೆ ಒಂದು ಗಂಟೆಯೊಳಗೆ ಕೆಲಸ ಶುರು ಮಾಡಿ, ಸುಮಾರು ಆರು ಗಂಟೆ ನಡೆಸುತ್ತದೆ. ಹೊರಗೆ ಹೋಗುವ ದಿನ ಅದನ್ನು ಹೊತ್ತು ಬದಲಿಸಿ ಕೊಡಬಹುದೇ ಎಂದು ಡಾಕ್ಟರನ್ನು ಒಮ್ಮೆ ಕೇಳಿಟ್ಟುಕೊಂಡರೆ ಸಾಕು. ನಾವೇ ತಪ್ಪಿಸುವುದು ಸರಿಯಲ್ಲ. ಶೌಚಾಲಯ ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ ಬಹಳ ಹೆಂಗಸರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ, ಬಾಯಿಬಿಟ್ಟು ಹೇಳುವುದೂ ಇಲ್ಲ. ಯಾವ ಕಟ್ಟಡಕ್ಕೆ ಹೋದರೂ ಮೊದಲು ಶೌಚಾಲಯ ಎಲ್ಲಿದೆ, ಹಿಡಿಕೆ ಇದೆಯೇ ಎಂದು ನೋಡಿಟ್ಟುಕೊಳ್ಳುತ್ತೇನೆ, ಗಂಟೆ ಎರಡು ಗಂಟೆಗೊಮ್ಮೆ ನಾನೇ ಕರೆದುಕೊಂಡು ಹೋಗುತ್ತೇನೆ. ಬ್ಯಾಗಿನಲ್ಲಿ ಪ್ಯಾಡ್, ಒಂದು ಜೊತೆ ಒಳಬಟ್ಟೆ. ಗ್ಲೂಕೋಸ್ ಪುಡಿಯೂ ಅದರಲ್ಲೇ. ಸಕ್ಕರೆ 70ಕ್ಕಿಂತ ಕೆಳಗೆ ಹೋದರೆ 15 ಗ್ರಾಂ, ಅಂದರೆ ಸುಮಾರು ಮೂರು ಟೀ ಚಮಚ, ನೀರಲ್ಲಿ ಕದಡಿ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಚಾಕೊಲೇಟಿನ ಕೊಬ್ಬು ಸಕ್ಕರೆ ಏರುವುದನ್ನು ನಿಧಾನ ಮಾಡುತ್ತದೆ, ಈ ಕೆಲಸಕ್ಕೆ ಅದು ಬೇಡ. ಬಿಪಿಗೆ ಮೆಟೊಪ್ರೊಲಾಲ್‌ನಂಥ ಮಾತ್ರೆ ತಿನ್ನುವವರಲ್ಲಿ ಸಕ್ಕರೆ ಇಳಿದಾಗ ನಡುಕ, ಎದೆಬಡಿತ ಕಾಣದೇ ಇರಬಹುದು. ಬೆವರು ನೋಡಿ ಗುರುತಿಸಬೇಕು.

ಡಾಕ್ಟರ ಕೋಣೆಗೆ ನಡೆದು ಬಂದ ತಕ್ಷಣ ಅಳೆದ ಬಿಪಿಯನ್ನು ನಾನು ನಂಬುವುದಿಲ್ಲ. ಐದು ನಿಮಿಷ ಕೂತು, ಬೆನ್ನಿಗೆ ಆಧಾರ, ಪಾದ ಎರಡೂ ನೆಲದ ಮೇಲೆ, ತೋಳು ಎದೆಯ ಮಟ್ಟದಲ್ಲಿ, ಮಾತಿಲ್ಲದೆ ಅಳೆಯಬೇಕು. ಮೂತ್ರಕ್ಕೆ ಹೋಗಿ ಬಂದಿರಬೇಕು. ಎದ್ದಾಗ ತಲೆ ತಿರುಗುತ್ತದೆ ಎಂದು ಅಮ್ಮ ಹೇಳಿದ್ದರೆ ನಿಲ್ಲಿಸಿಯೂ ಅಳೆಯಲು ಕೇಳುತ್ತೇನೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಮಾತ್ರೆಗಳ ಬಗ್ಗೆ ಮಾತಾಡಲೇಬೇಕು, ಬೀಳುವುದಕ್ಕೆ ಅದೊಂದು ಮುಖ್ಯ ಕಾರಣ. ಅಲ್ಲಿ ಮೊದಲು ಮಾತಾಡುವವಳು ಅಮ್ಮ. “ಅಮ್ಮಾ, ಮಂಡಿ ವಿಷಯ ನೀನೇ ಹೇಳು” ಎಂದು ಸುಮ್ಮನಾದರೆ ನನಗೇ ಗೊತ್ತಿಲ್ಲದ್ದು ಹೊರಬರುತ್ತದೆ. ಕಿವಿ ಮಂದವಿರುವವರಿಗೆ ಕಿರುಚಿದರೆ ಪ್ರಯೋಜನವಿಲ್ಲ, ಎದುರಿಗೆ ಕೂತು ಕೀರಲಾಗದ ದಪ್ಪ ದನಿಯಲ್ಲಿ ನಿಧಾನ ಹೇಳಬೇಕು. ಹೊರಡುವ ಮುಂಚೆ ಡಾಕ್ಟರು ಹೇಳಿದ್ದನ್ನು ಅವರೆದುರೇ ತಿರುಗಿ ಹೇಳುತ್ತೇನೆ, ಜೊತೆಗೆ “ಯಾವ ಮಾತ್ರೆ ನಿಲ್ಲಿಸಬಹುದು?” ಎಂದೂ ಕೇಳುತ್ತೇನೆ. ಹೊಸ ಮಾತ್ರೆ ಸೇರಿಸುವವರೇ ಹೆಚ್ಚು, ಹಳೆಯದನ್ನು ತೆಗೆಯುವುದು ಕೇಳಿದಾಗಲೇ ನೆನಪಾಗುವುದು.

ಔಷಧಿ ಅಂಗಡಿಯಲ್ಲಿ ದೊಡ್ಡ ಅಪಾಯ ಬ್ರಾಂಡ್ ಬದಲಾಗುವುದು. ಹಳೆಯ ಮಾತ್ರೆಯ ಸ್ಟ್ರಿಪ್ ಮನೆಯಲ್ಲಿ ಉಳಿದಿರುತ್ತದೆ, ಬೇರೆ ಹೆಸರಿನ ಅದೇ ಔಷಧಿ ಹೊಸದಾಗಿ ಬರುತ್ತದೆ, ಎರಡೂ ಹೊಟ್ಟೆಗೆ ಹೋಗುತ್ತವೆ. ಅದಕ್ಕೇ ಖಾಲಿಯಾದ ಸ್ಟ್ರಿಪ್‌ಗಳನ್ನೇ ಕೊಂಡೊಯ್ದು, ಬ್ರಾಂಡ್ ಹೆಸರಿನ ಕೆಳಗೆ ಸಣ್ಣದಾಗಿ ಅಚ್ಚಾಗಿರುವ ಔಷಧಿಯ ಹೆಸರು, ಮಿಲಿಗ್ರಾಂ, ಅವಧಿ ಮೂರನ್ನೂ ಅಲ್ಲೇ ಹೋಲಿಸಬೇಕು. ಶೀತಕ್ಕೆಂದು ಚೀಟಿಯಿಲ್ಲದೆ ಕೊಡುವ ಕ್ಲೋರ್‌ಫೆನಿರಮೈನ್ ವಯಸ್ಸಾದವರಲ್ಲಿ ಮಂಪರು, ಗೊಂದಲ, ಮೂತ್ರ ಕಟ್ಟುವುದಕ್ಕೆ ದಾರಿ. ಮಂಡಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಸ್ವಂತ ತೀರ್ಮಾನದಲ್ಲಿ ಬೇಡ; ಕೆಲವು ಬಿಪಿ ಮಾತ್ರೆ ಮತ್ತು ಮೂತ್ರದ ಮಾತ್ರೆಯ ಜೊತೆ ಸೇರಿ ಕಿಡ್ನಿಗೆ ಏಟು ಕೊಡುತ್ತವೆ.

ಕಣ್ಣಿನ ಪರೀಕ್ಷೆ ಕೊನೆಗೆ. ಪಾಪೆ ಅಗಲಿಸುವ ಡ್ರಾಪ್ಸ್ ಹಿಡಿಯಲು 20–30 ನಿಮಿಷ, ಇಳಿಯಲು ಹಲವು ಗಂಟೆ. ಆ ಹೊತ್ತಿನಲ್ಲಿ ಸಹಿ, ಓದು ಯಾವುದೂ ಆಗದು, ಮೆಟ್ಟಿಲಿನ ಅಂಚೂ ಸರಿಯಾಗಿ ಕಾಣುವುದಿಲ್ಲ. ಕಪ್ಪು ಕನ್ನಡಕವನ್ನು ಬಾಗಿಲು ದಾಟುವ ಮೊದಲೇ ಹಾಕಿಸಿ. ಮನೆಗೆ ಬಂದ ಮೇಲೂ ಸಂಜೆಯ ಮಾತ್ರೆಗಳನ್ನು ನಾನೇ ಬಿಡಿಸಿ ಕೈಗೆ ಕೊಡುತ್ತೇನೆ, ವಾರದ ಡಬ್ಬಿ ತುಂಬಿಸುವುದು ಮರುದಿನ ಬೆಳಿಗ್ಗೆ. ರಕ್ತ ತೆಳುವಾಗಿಸುವ ಡಾಬಿಗಾಟ್ರಾನ್‌ನಂಥ ಕೆಲವನ್ನು ಆ ಡಬ್ಬಿಗೆ ಹಾಕುವಂತಿಲ್ಲ, ತೇವ ತಗುಲಿದರೆ ಕೆಡುತ್ತವೆ. ತಿನ್ನುವ ಹೊತ್ತಿಗಷ್ಟೇ ಅದರ ಮೂಲ ಪ್ಯಾಕಿನಿಂದ ತೆಗೆಯಬೇಕು.